ಒಂದು ಮಿಲಿಮೀಟರ್ ಹೆಚ್ಚು

"ಅಯ್ಯೋ, ಮುಟ್ಟಬೇಡಿ!"

ಸಂಹಿತಾಳ ಮಣಿಕಟ್ಟು ಚಿನ್ಮಯನ ಕೈಯಲ್ಲಿತ್ತು. ತಟ್ಟೆಯಲ್ಲಿ ಬೆಳೆದಿದ್ದ ಬ್ಯಾಕ್ಟೀರಿಯಾಕ್ಕೂ ಅವಳ ಬೆರಳಿಗೂ ಬರೀ ಒಂದಂಗುಲ!

"ಗ್ಲೌಸ್ ಇಲ್ಲದೆ ಎಂತಕ್ಕೆ ಹತ್ತಿರ ಬಂದದ್ದು ನೀವು?"

ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಲ್ಯಾಬಿನಲ್ಲಿ ಕಾಸರಗೋಡಿನ ಕನ್ನಡ! ಬೈಸಿಕೊಂಡರೂ ಮೈಸೂರಿನ ಹುಡುಗಿಗೆ ನಗು ಬಂತು. ಚಿನ್ಮಯ ಕೈ ಬಿಟ್ಟ. ಕಿವಿ ಮಾತ್ರ ಕೆಂಪಾಗಿತ್ತು.

ಅವಳು ತಿರುವನಂತಪುರದಲ್ಲಿ ಸಂಶೋಧಕಿ. ಸೀಗಡಿ ಚಿಪ್ಪಿನಿಂದ ತೆಗೆದ ಲೋಳೆಯಂಥ ವಸ್ತುವನ್ನು ತ್ರೀಡಿ ಪ್ರಿಂಟರಿಗೆ ಹಾಕಿ, ಸುಟ್ಟ ಗಾಯಕ್ಕೆ ಹೊದಿಸುವ ತೆಳು ಜಾಲರಿ ತಯಾರಿಸುತ್ತಿದ್ದಳು. ಗಾಯ ಮಾಗುವವರೆಗೆ ಅದು ಬ್ಯಾಕ್ಟೀರಿಯಾವನ್ನು ದೂರವಿಡಬೇಕು, ಆಮೇಲೆ ತಾನೇ ಕರಗಿಹೋಗಬೇಕು. ಅದರ ಸುತ್ತ ಎಷ್ಟು ಜಾಗದಲ್ಲಿ ಬ್ಯಾಕ್ಟೀರಿಯಾ ಸತ್ತಿದೆ ಎಂದು ಅಳೆಯುವುದು ಚಿನ್ಮಯನ ಕೆಲಸ.

ಆ ಮೊದಲ ಭೇಟಿಯ ನಂತರ ಎಂಟು ತಿಂಗಳು ತಿರುವನಂತಪುರದಿಂದ ಸ್ಯಾಂಪಲ್ ಹೋಯಿತು, ಕೊಚ್ಚಿಯಿಂದ ವರದಿ ಬಂತು. ವರದಿಯ ಜೊತೆ ಫೋನು ಬಂತು. ಫೋನಿನ ಜೊತೆ "ಊಟ ಆಯ್ತಾ?" ಕೂಡ ಬಂತು. ಅವಳಿಗೆ ಅದೇ ಅಭ್ಯಾಸವಾಗಿಹೋಯಿತು!

ಜಾಲರಿಯನ್ನು ರೋಗಿಗಳಿಗೆ ಬಳಸಲು ಒಪ್ಪಿಗೆ ಕೊಡುವ ಸಮಿತಿಯ ಮುಂದೆ ಫಲಿತಾಂಶ ಇಡಲು ಮೂರು ದಿನ ಇರುವಾಗ ಚಿನ್ಮಯನಿಂದ ಎರಡೇ ಸಾಲಿನ ಮೇಲ್ ಬಂತು. 'ನಿಮ್ಮ ಸ್ಯಾಂಪಲ್‌ಗಳನ್ನು ಇನ್ನು ನಾನು ಪರೀಕ್ಷಿಸುವುದಿಲ್ಲ. ನಮ್ಮ ಲ್ಯಾಬಿನ ವಿಜಯಾ ಮೇಡಂ ನೋಡಿಕೊಳ್ಳುತ್ತಾರೆ.'

ಫೋನ್ ಮಾಡಿದಳು, ಎತ್ತಲಿಲ್ಲ. 'ನಾನು ಅಷ್ಟು ಬೇಡವಾದೆನಾ...?'

ಮರುದಿನ ಬೆಳಗಿನ ರೈಲಿಗೇ ಕೊಚ್ಚಿಗೆ ಹೊರಟುಬಿಟ್ಟಳು.

"ನನ್ನಿಂದ ಏನು ತಪ್ಪಾಯ್ತು ಹೇಳಿ. ಕೇಳಿಸ್ಕೊಂಡು ಹೋಗ್ತೀನಿ," ಎಂದಳು ಲ್ಯಾಬಿನ ಬಾಗಿಲಲ್ಲೇ ನಿಂತು.

"ತಪ್ಪು ನಿಮ್ಮದಲ್ಲ ಮಾರಾಯ್ರೆ, ನನ್ನದು." ಚಿನ್ಮಯ ತಲೆ ತಗ್ಗಿಸಿದ. "ಮೊನ್ನೆ ಅಳತೆ ಒಂಬತ್ತು ಮಿಲಿಮೀಟರ್ ಅಂತ ಬರೆದೆ. ಮತ್ತೆ ನೋಡಿದ್ರೆ ಎಂಟೇ ಇದ್ದದ್ದು."

"ಇಷ್ಟೇನಾ? ಎಲ್ಲರಿಗೂ ಆಗತ್ತೆ!"

"ಕಣ್ತಪ್ಪಿ ಆದದ್ದಲ್ಲ. ಒಂಬತ್ತು ಅಂದ್ರೆ ನೀವು ಫೋನಿನಲ್ಲಿ ನಗ್ತೀರಿ ಅಂತ ನನಗೆ ಒಂಬತ್ತೇ ಬೇಕಿತ್ತು..." ಅವನು ಉಸಿರೆಳೆದುಕೊಂಡ. "ಸುಟ್ಟ ಗಾಯದವರಿಗೆ ಹೊದಿಸುವುದು ಇದು. ನಿಮ್ಮ ಮೇಲೆ ಮನಸ್ಸಿಟ್ಟವ ಅದನ್ನು ಅಳೀಬಾರದು."

ರೈಲಿನುದ್ದಕ್ಕೂ ಕೂಡಿಟ್ಟುಕೊಂಡು ಬಂದ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಸಂಹಿತಾ ಅಳುತ್ತಲೇ ನಕ್ಕಳು.

"ಅದನ್ನೇ ಮೇಲ್‌ನಲ್ಲಿ ಬರೀಬಾರದಿತ್ತಾ?"

"ಆಫೀಸ್ ಮೇಲ್‌ನಲ್ಲಾ?!"

"ಫೋನಾದ್ರೂ ಎತ್ತಬಹುದಿತ್ತು..."

"ಎತ್ತಿದ್ರೆ ಹೇಳಿಬಿಡ್ತಿದ್ದೆ. ಹೆದರಿಕೆ ಆಯ್ತು." ಅವನು ಅಂದು ಮೊದಲ ಸಲ ಅವಳ ಮುಖ ನೋಡಿದ. "ಎಂಟು ಸಾಕಾಗ್ತದಾ ಸಮಿತಿಗೆ?"

"ಗೊತ್ತಿಲ್ಲ. ಇದ್ದದ್ದನ್ನ ಇದ್ದ ಹಾಗೇ ಹೇಳ್ತೀನಿ. ಸಾಲದು ಅಂದ್ರೆ ಮತ್ತೆ ಪ್ರಿಂಟ್ ಮಾಡ್ತೀನಿ." ಅವಳು ಕಣ್ಣೊರೆಸಿಕೊಂಡಳು. "ಆದ್ರೆ ನಾಡಿದ್ದು ಒಬ್ಬಳೇ ಹೋಗೋಕೆ ಭಯ. ನೀವೂ ಬನ್ನಿ. ಹೊರಗಡೆ ಕೂತಿದ್ರೆ ಸಾಕು."

"ಪರೀಕ್ಷೆ ಮಾಡಿದವ ನಾನು ಅಲ್ಲಿಗೆ ಬರ್ಲಿಕ್ಕೆ ಆಗ್ಲಿಕ್ಕಿಲ್ಲ..."

"ಪರೀಕ್ಷೆ ಮಾಡಿದವರನ್ನ ಯಾರು ಕರೆದ್ರು?" ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ನನ್ನವನಾಗಿ ಬಾ."

ಚಿನ್ಮಯ ಬಿಳಿ ಕೋಟು ಕಳಚಿದ.

"ರೈಲು ಎಷ್ಟು ಗಂಟೆಗೆ?" ಎಂದು ಮೆಲ್ಲಗೆ ಕೇಳಿದ.