ಡಾಂಬರಿನೊಳಗಿನ ಅಂಗಿ

ಗುಂಡು ಹಾರಿತು. ಅದನ್ನ ಬರಿಗೈಲೇ ಹಿಡಿದೆ!

ಬಿಸಿ ಇತ್ತು... ಊದಿ, ಜೇಬಿಗೆ ಹಾಕ್ಕೊಂಡೆ.

ನಂಬಲ್ವಾ? ಬಿಡಿ. ಜಯನಗರದ ಆ ಗ್ಯಾಲರಿಯಲ್ಲಿ ನನ್ನೆದುರು ನಿಂತವರು ಹದಿನಾರು ಜನ ಪೈಲ್ವಾನರು. ಪಾಪ, ಅವರಿಗೆ ಜನ ಸಾಲಲಿಲ್ಲ.

ಜಗಳ ಒಂದು ಚಿತ್ರಕ್ಕೆ. ಚಿತ್ರ ಅಂದ್ರೆ ದೇವರಲ್ಲ, ಹೆಂಗಸಲ್ಲ. ಹಲಗೆ ಮೇಲೆ ಡಾಂಬರು, ಗೋಣಿ ಚೂರು, ತುಕ್ಕು ತಗಡು... ನಡುವೆ ಒಂದು ಅಂಗಿ. ಮಾಡರ್ನ್ ಆರ್ಟು! ಮಾಡಿದವನು ಸಿದ್ದಾಪುರದ ಅನಂತರಾಮು. ಕ್ಷಯ ಬಂದು ಸತ್ತ. ವಠಾರದವರು ಹೆದರಿ ಅವನ ಹಾಸಿಗೆ, ಬಟ್ಟೆ ಎಲ್ಲಾ ಸುಟ್ಟುಬಿಟ್ರು. ಉಳಿದದ್ದು ಆ ಅಂಗಿ ಒಂದೇ. ಚಿತ್ರದೊಳಗೆ. ಮಾರಾಟಕ್ಕೆ!

ಅವನ ತಾಯಿ ಲಕ್ಷ್ಮಿದೇವಮ್ಮ ನನ್ನ ಹತ್ರ ಬಂದ್ರು.

"ಚಿತ್ರ ಯಾರಾದ್ರೂ ಇಟ್ಕೊಳ್ಳಲಿ ಕಣಪ್ಪ. ನಂಗೆ ಅಂಗಿ ಬೇಕು. ತಂದ್ಕೊಡ್ತೀಯಾ?"

"ತಂದಾಯ್ತು ಅಂದ್ಕೊಳ್ಳಿ!"

ಹೋದೆ. ಮ್ಯಾನೇಜರ್ ಏಕಾಂತಯ್ಯ ಅಡ್ಡ ಬಂದ. ಕೈಲಿ ಪಿಸ್ತೂಲು!

"ಮುಟ್ಟಿದ್ರೆ ಹೆಣ ಬೀಳುತ್ತೆ!"

"ಯಾರ್ದು ಅಂತ ಹೇಳಿ ಸಾರ್, ಹಾರ ತರಿಸ್ತೀನಿ."

ಢಂ! ನಾನು ಹಿಡಿದದ್ದು ಆ ಗುಂಡನ್ನೇ.

ಅವನು ಚಿತ್ರವನ್ನ ಕಾರಿಗೆ ತುಂಬಿ ಓಡಿದ. ನಾನು ಸೈಕಲ್ ಹತ್ತಿದೆ. ಸೌತ್ ಎಂಡ್... ಬನಶಂಕರಿ ಗುಡಿ... ಕನಕಪುರ ರಸ್ತೆ... ಕೋಣನಕುಂಟೆ ಹತ್ರ ಕಾರನ್ನ ಹಿಂದೆ ಹಾಕಿದೆ. ಸಾಲದು ಅಂತ ವಾಪಸ್ ಬಂದು ಇನ್ನೊಂದ್ಸಲ ಹಿಂದೆ ಹಾಕಿದೆ! ಬಾಗಿಲು ಕಿತ್ತೆ. ಅಂಗಿ ಬಿಡಿಸ್ಕೊಂಡೆ.

ಇಷ್ಟನ್ನೂ ಲಕ್ಷ್ಮಿದೇವಮ್ಮನಿಗೆ ಹೇಳಿ, ಕಾಗದ ಸುತ್ತಿದ ಅಂಗಿಯನ್ನ ಅವರ ಮಡಿಲಿಗಿಟ್ಟೆ.

ಅವರು ಪೈಲ್ವಾನರ ಬಗ್ಗೆ ಏನೂ ಕೇಳಲಿಲ್ಲ. ಕಾಗದ ಬಿಚ್ಚಿ ಕಾಲರ್ ಸವರಿ ನೋಡಿದ್ರು.

"ಅವನ ಕಾಲರ್ ಸವೆದು ಹರಿದಿತ್ತು. ನಾನೇ ಬಿಚ್ಚಿ, ತಿರುಗಿಸಿ ಹೊಲಿದಿದ್ದೆ. ಇದನ್ನ ಯಾರೂ ತಿರುಗಿಸಿಲ್ಲ."

"ಇಲ್ಲಿ ಬೆಳಕು ಕಮ್ಮಿ ಅಮ್ಮ... ಸರಿಯಾಗಿ ನೋಡಿ..."

"ಕೈಗೆ ಬೆಳಕು ಯಾಕಪ್ಪ?"

ಬಾಯಿ ತೆರೆದೆ. ಹಾಳಾದ್ದು, ನಿಜ ಬಂತು!

"ಪೈಲ್ವಾನರಿರಲಿಲ್ಲ. ಕಾರೂ ಇರಲಿಲ್ಲ. ಏಕಾಂತಯ್ಯನೋರು ಕಾಫಿ ಕೊಟ್ರು. 'ತಾಯಿಗಾದ್ರೆ ಬಿಡಿಸ್ಕೊಳ್ಳಿ, ಚಿತ್ರ ಹಾಳಾದ್ರೆ ಆಗ್ಲಿ' ಅಂತ ಅವರೇ ಚಾಕು ಕೊಟ್ರು... ಬರಲಿಲ್ಲ ಅಮ್ಮ. ನಿಮ್ಮ ಮಗ ಅದೇನು ಆಸಿಡ್ಡು ಬಳಿದಿದ್ನೋ, ಬಟ್ಟೆ ಹಪ್ಪಳ ಆಗಿತ್ತು. ಹಿಡಿದಲ್ಲೆಲ್ಲ ಪುಡಿ. ತೋಳು ಹೋಯ್ತು... ಎದೆ ಹೋಯ್ತು... ಕೊನೆಗೆ ಹಲಗೆ ಮೇಲೆ ಬರೀ ಡಾಂಬರು."

ಅವರು ಮಡಿಲಲ್ಲಿದ್ದ ಅಂಗಿಯನ್ನ ಎತ್ತಿ ಹಿಡಿದ್ರು.

"ಹಾಗಾದ್ರೆ ಇದು ಯಾರದು?"

"ನಂದೇ. ಬರಿಗೈಲಿ ಹೆಂಗೆ ಬರ್ಲಿ ಅಂತ..."

ಅವರು ಅದನ್ನ ಮತ್ತೆ ಕಾಗದದಲ್ಲಿ ಸುತ್ತಿದ್ರು. ನೀಟಾಗಿ. ನನ್ನ ಕೈಗಿಟ್ಟು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು.

ನನ್ನ ಜನ್ಮದಲ್ಲಿ ಹೇಳಿದ ನಿಜ ಅದೊಂದೇ... ಅದೂ ಹೇಳಬಾರದಿತ್ತು!