ನೀಲಿ ಹಾಸಿನ ನಿಯಮ

ಮಣಿ ಕೆಂಪು ಬಣ್ಣದ್ದು, ಕಡಲೆಕಾಳಿಗಿಂತ ಚೂರು ದೊಡ್ಡದು. ಚಿಕ್ಕಮ್ಮ ಗುಂಡನನ್ನು ಮುಂಗೈ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ನಾಲ್ಕು ಸಲ ಬಲವಾಗಿ ತಟ್ಟಿದಾಗ ಅದು ಅವನ ಬಾಯಿಂದ ಹಾರಿತು. ನೆಲದ ಮೇಲೆ ಮೂರು ಸಲ ಕುಣಿದು ಗೋಡೆಯ ಬುಡಕ್ಕೆ ಹೋಗಿ ನಿಂತಿತು.

ಆಮೇಲೆ ಗುಂಡ ಅತ್ತ. ಆ ಅಳು ಕೇಳಿ ದೊಡ್ಡಮ್ಮನಿಗೆ ಹೋದ ಜೀವ ಬಂದಂತಾಯಿತು. ಹತ್ತು ತಿಂಗಳ ಕೂಸಿನ ಅಳುವನ್ನು ಅವಳು ಅಷ್ಟು ಸಂತೋಷದಿಂದ ಎಂದೂ ಕೇಳಿರಲಿಲ್ಲ.

ಹೆದರಿಕೆ ಇಳಿದ ಮೇಲೆ ಸಿಟ್ಟು ಬಂತು. ಮಣಿ ಕೂಸುಗಳ ಮೂಲೆಗೆ ಬಂದದ್ದು ಹೇಗೆ? ತಂದವರು ಯಾರು?

ದೊಡ್ಡಮ್ಮ, ಚಿಕ್ಕಮ್ಮ ಎನ್ನುವುದು ಮಕ್ಕಳು ಕರೆಯುವ ಹೆಸರು. ಅವರಿಬ್ಬರೂ ವಾರಗಿತ್ತಿಯರು. ಆರು ವರ್ಷದಿಂದ ದೊಡ್ಡಮ್ಮನ ಮನೆಯ ಮುಂದಿನ ಹಾಲ್‌ನಲ್ಲಿ, ಕೆಲಸಕ್ಕೆ ಹೋಗುವ ತಂದೆತಾಯಿಯರ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುತ್ತಿದ್ದರು. ಸದ್ಯಕ್ಕೆ ಐದು ಮಕ್ಕಳು. ಆ ಹಾಲ್ ನಡೆಯುತ್ತಿದ್ದದ್ದು ದೊಡ್ಡಮ್ಮನ ನಿಯಮಗಳ ಮೇಲೆ. ಓದು ಬಾರದ ಮಕ್ಕಳಿಗೂ ಬಣ್ಣ ತಿಳಿಯುತ್ತದಲ್ಲ? ಅದಕ್ಕೇ ಚಕ್ರದ ಆಟಿಕೆಗಳೆಲ್ಲ ಕೆಂಪು ಚಾಪೆಯ ಮೇಲೆ, ಮರದ ಇಟ್ಟಿಗೆಗಳು ಹಸಿರಿನ ಮೇಲೆ. ಮಣಿಗಳು ಮಾತ್ರ ಕಿಟಕಿಯ ಕೆಳಗೆ ಹಾಸಿದ ತೆಳು ನೀಲಿ ಹಾಸಿನ ಮೇಲೆ. ಕೂಸುಗಳ ಜಾಗ ಎದುರು ಮೂಲೆಯಲ್ಲಿ, ಹಳದಿ ದಿಂಬುಗಳ ಸಾಲಿನ ಆಚೆ. ಕಿಟಕಿಗೂ ಆ ಮೂಲೆಗೂ ಆ ಚಿಕ್ಕ ಹಾಲ್‌ನಲ್ಲಿ ಎಷ್ಟು ದೂರ ಇರಲು ಸಾಧ್ಯವೋ ಅಷ್ಟು ದೂರ.

“ಕೆಂಪು ಮೇಲೆ ಚಕ್ರ, ಹಸಿರು ಮೇಲೆ ಇಟ್ಟಿಗೆ, ನೀಲಿ ಮೇಲೆ ಮಣಿ” — ದಿನಕ್ಕೆ ಇಪ್ಪತ್ತು ಸಲ ಅವಳ ಬಾಯಲ್ಲಿ ಇದೇ ಮಾತು. ನಿದ್ದೆಯಲ್ಲೂ ಬಡಬಡಿಸುತ್ತಾಳೆಂದು ಅವಳ ಗಂಡ ಎಲ್ಲರೆದುರು ಹೇಳಿ ನಗುತ್ತಿದ್ದ.

ಅವತ್ತು ದಿಂಬಿನ ಸಾಲಿಗೆ ಒತ್ತಿಕೊಂಡು ಕೂತಿದ್ದವಳು ಹಾಲುಮೀಸೆ. ನಾಲ್ಕೂವರೆ ವರ್ಷದ ಹುಡುಗಿ. ಹಾಲು ಕುಡಿದು ಬಾಯಿ ಒರೆಸಿಕೊಳ್ಳುವ ಅಭ್ಯಾಸವಿಲ್ಲದ್ದರಿಂದ ಆ ಹೆಸರು. ಅವಳ ಪಕ್ಕದಲ್ಲಿ ಮಣಿಯ ರಟ್ಟಿನ ಡಬ್ಬಿ. ಡಬ್ಬಿಯ ಮುಚ್ಚಳದೊಳಗೆ ಬಣ್ಣ ಬಣ್ಣದ ಮಣಿಗಳನ್ನು ಸಾಲಾಗಿ ಜೋಡಿಸಿದ್ದಳು.

“ಎಲ್ಲಿ ಕೂತು ಆಡ್ತಿದ್ದೆ?”

“ನೀಲಿ ಮೇಲೆ.”

“ಸುಳ್ಳು ಹೇಳ್ಬೇಡ. ನೀಲಿ ಹಾಸು ಹೊರಗೆ ತಂತಿ ಮೇಲಿದೆ. ಕಾಣಲ್ವಾ?”

“ನೀಲಿ ಮೇಲೇ ಕೂತಿದ್ದೆ.”

ದೊಡ್ಡಮ್ಮ ಗದರಿದಳು. ಜೋರಾಗಿಯೇ ಗದರಿದಳು. ಅವತ್ತಿನಿಂದ ಹಾಲುಮೀಸೆ ಆ ಮನೆಯಲ್ಲಿ ಬಾಯಿ ಬಿಡಲಿಲ್ಲ.

ಡಬ್ಬಿ ಇರುವುದು ಎತ್ತರದ ಕಪಾಟಿನ ಮೇಲೆ. ಮಗುವಿನ ಕೈಗೆ ಎಟುಕದು. ದೊಡ್ಡವರೇ ಯಾರೋ ಇಳಿಸಿ ಕೊಟ್ಟಿರಬೇಕು. ಹಾಸು ಒಗೆದದ್ದು, ತಂತಿಗೆ ಹಾಕಿದ್ದು, ಸೀದಾ ಅಡುಗೆಮನೆಗೆ ಹೋದದ್ದು ದೊಡ್ಡಮ್ಮನಿಗೆ ಚೆನ್ನಾಗಿ ನೆನಪಿತ್ತು. ಉಳಿದವಳು ಚಿಕ್ಕಮ್ಮ.

“ನಾನು ಕೊಟ್ಟಿಲ್ಲ ಅಕ್ಕ,” ಎಂದಳು ಚಿಕ್ಕಮ್ಮ, ಒಂದೇ ಸಲ. ಆಮೇಲೆ ಗುಂಡನನ್ನು ಎತ್ತಿಕೊಂಡು ಒಳಕ್ಕೆ ಹೋದಳು.

ಗುಂಡನ ಅಪ್ಪ ದೂರು ಕೊಟ್ಟ. ಕೊಡದೆ ಇರುತ್ತಾನೆಯೇ? ಮೂರನೆಯ ದಿನ ಬೆಳಿಗ್ಗೆ ಪರವಾನಗಿ ಕಚೇರಿಯ ತಪಾಸಣಾಧಿಕಾರಿ ಬಂದರು. ನಿವೃತ್ತಿ ಹತ್ತಿರವಾದ ಮನುಷ್ಯ. ದನಿ ಮೆತ್ತಗೆ, ನಡಿಗೆ ಅದಕ್ಕಿಂತ ಮೆತ್ತಗೆ. ಬೂಟು ಬಿಚ್ಚಿಟ್ಟು, ಜೇಬಿನಿಂದ ಅಳತೆ ಟೇಪು ತೆಗೆದು ಕಪಾಟು, ಕಿಟಕಿ, ದಿಂಬು ಎಲ್ಲವನ್ನೂ ಅಳೆದರು. ಮಕ್ಕಳು ಹತ್ತೇ ನಿಮಿಷದಲ್ಲಿ ಅವರಿಗೆ ಟೇಪುಮಾಮ ಎಂದು ನಾಮಕರಣ ಮಾಡಿದರು.

“ಈ ಫಾರಂನಲ್ಲಿ ಒಂದು ಸಾಲಿದೆ,” ಎಂದರು ಅವರು. “‘ಲೋಪ ಎಸಗಿದವರು’ ಅಂತ. ಒಂದು ಹೆಸರು ಬರೀಬೇಕು. ಸಹಾಯಕರದ್ದಾದ್ರೆ ಅವರು ಇನ್ನು ಎಲ್ಲೂ ಮಕ್ಕಳನ್ನ ನೋಡ್ಕೊಳ್ಳೋ ಹಾಗಿಲ್ಲ. ಯಜಮಾನರದ್ದಾದ್ರೆ ಮನೆ ಮುಚ್ಚಬೇಕಾಗುತ್ತೆ. ಎಷ್ಟು ದಿನ ಅನ್ನೋದು ತಪ್ಪಿನ ಮೇಲೆ.”

ದೊಡ್ಡಮ್ಮ ಚಿಕ್ಕಮ್ಮನ ಕಡೆ ನೋಡಲಿಲ್ಲ. ಚಿಕ್ಕಮ್ಮನ ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು. ಮಕ್ಕಳಿಗೆ ಹಾಡಿ ಹಾಡಿ ಒರಟಾದ ಗಂಟಲು, ಮಕ್ಕಳನ್ನು ಎತ್ತಿ ಎತ್ತಿ ಒಂದು ಕಡೆಗೆ ವಾಲಿದ ಸೊಂಟ. ಅವಳಿಗೆ ಬೇರೆ ಕೆಲಸ ಬಾರದು, ಬೇಕಾಗಿಯೂ ಇರಲಿಲ್ಲ. ಅದು ಗೊತ್ತಿದ್ದೂ ದೊಡ್ಡಮ್ಮ ಹೇಳಿದಳು:

“ಆಗ ಹಾಲ್ ನೋಡ್ಕೋಬೇಕಾದ್ದು ಅವಳು ಸಾರ್.”

“ಹೌದೇನಮ್ಮ?”

“ಹಲ್ಲು ಬರ್ತಿರೋ ಇನ್ನೊಂದು ಕೂಸನ್ನ ಒಳಕೋಣೇಲಿ ತೂಗ್ತಿದ್ದೆ,” ಎಂದಳು ಚಿಕ್ಕಮ್ಮ. “ನಾನು ಹೋಗೋವಾಗ ಎಲ್ಲರೂ ಮಲಗಿದ್ರು. ಹಾಲುಮೀಸೇನೂ ಮಲಗಿದ್ಲು. ಅಕ್ಕ ಇದ್ದಾರಲ್ಲ ಅಂದ್ಕೊಂಡೆ.”

“ನೀವು?”

“ಅವಳಿದ್ದಾಳಲ್ಲ ಅಂದ್ಕೊಂಡೆ,” ಎಂದಳು ದೊಡ್ಡಮ್ಮ. ಹೇಳಿದ ಮೇಲೆ ಆ ಮಾತು ಅವಳಿಗೇ ಅಷ್ಟು ಸರಿಯೆನಿಸಲಿಲ್ಲ.

“ಮನೇಲಿ ಬೇರೆ ಯಾರಿದ್ರು?”

ಇದ್ದವನು ನಲ್ಲಿ ರಿಪೇರಿಯವನು. ಪಕ್ಕದ ಬೀದಿಯವನೇ. ಕರೆ ಹೋದ ಕೂಡಲೇ ಸ್ಪ್ಯಾನರ್ ಹಿಡಿದೇ ಬಂದ.

“ಹಾಲ್‌ಗೆ ಕಾಲಿಟ್ರಾ?”

“ಇಲ್ಲ ಸಾರ್. ಹಿಂದಿನ ಬಾಗಿಲಿಂದ ಬಂದೆ, ಅಡುಗೆಮನೆ ನಲ್ಲಿ ಬಿಚ್ಚಿದೆ, ವಾಷರ್ ಹಾಕಿದೆ. ಅಷ್ಟೇ.”

“ಏನಾದ್ರೂ ಕೇಳಿಸ್ತಾ?”

“ಏನೂ ಇಲ್ಲ. ಅಮ್ಮೋರು ‘ನೀಲಿ ಮೇಲೆ ಆಡ್ಕೋ, ನೀಲಿ ಮೇಲೆ ಆಡ್ಕೋ’ ಅಂತಿದ್ರು. ಅದನ್ನ ಬಿಡಿ, ಯಾವಾಗ ಬಂದ್ರೂ ಅದೇ ಕೇಳ್ಸುತ್ತೆ. ನನ್ನ ಹೆಂಡ್ತಿಗೂ ಬಾಯಿಪಾಠ ಆಗಿದೆ.”

ದೊಡ್ಡಮ್ಮ ಹುಳ್ಳಗೆ ನಕ್ಕಳು. ಟೇಪುಮಾಮ ನಗಲಿಲ್ಲ. ಏನೋ ಬರೆದುಕೊಂಡರು.

ಆಮೇಲೆ ಅವರು ಹಾಲುಮೀಸೆಯ ಎದುರು ನೆಲದ ಮೇಲೆ ಕೂತರು. ಅವಳು ಮೊಣಕಾಲಿನ ನಡುವೆ ಮುಖ ಹುದುಗಿಸಿಕೊಂಡಳು. ಅವರು ಕಪಾಟಿನಿಂದ ಇಳಿಸಿ ತಂದಿದ್ದ ಮಣಿಯ ಡಬ್ಬಿಯನ್ನು ಅವಳ ಮುಂದಿಟ್ಟರು. ಡಬ್ಬಿಯ ಮುಚ್ಚಳವನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

“ಇವಳು ನಿಯಮ ಮುರಿಯೋ ಮಗುವಾ?”

“ಇವಳಾ?” ಎಂದಳು ಚಿಕ್ಕಮ್ಮ. “ಹಸಿರು ಚಾಪೆಯಿಂದ ಒಂದು ಇಟ್ಟಿಗೆ ಆಚೆ ಬಿದ್ರೆ ಪೊಲೀಸಿನ ಹಾಗೆ ಓಡಿ ಬರ್ತಾಳೆ ಸಾರ್, ದೂರು ಹೇಳೋಕೆ.”

“ನೋಡಿ, ಕದ್ದು ಆಡೋ ಮಗು ಮಣೀನ ಬಣ್ಣ ಬಣ್ಣವಾಗಿ ಜೋಡಿಸ್ತಾ ಕೂರಲ್ಲ. ಮುಷ್ಟೀಲಿ ಬಚ್ಚಿಡುತ್ತೆ.” ಅವರು ಮುಚ್ಚಳವನ್ನು ಪಕ್ಕಕ್ಕಿಟ್ಟರು. “ಆ ನೀಲಿ ಹಾಸು ಈಗೆಲ್ಲಿ?”

“ಮಡಿಸಿ ಒಳಗಿಟ್ಟಿದ್ದೀನಿ. ಹೊಸದು ಸಾರ್, ಕಳೆದ ವಾರ ತಂದದ್ದು. ಯಾರೋ ಹಾಲು ಚೆಲ್ಲಿದ್ರು ಅಂತ ಅವತ್ತೇ ಮೊದಲನೇ ಸಲ ಒಗೆದೆ. ಈಗ ಅದನ್ನ ಹಾಸೋಕೆ ಮನಸ್ಸೇ ಬರ್ತಿಲ್ಲ.”

“ಅವತ್ತು ಒಣಗಲು ಹಾಕಿದ ಜಾಗದಲ್ಲೇ ಇವತ್ತೂ ಹಾಕಿ. ಎಷ್ಟು ಗಂಟೆಗೆ ಹಾಕಿದ್ರಿ?”

“ಮೂರಕ್ಕೆ.”

“ಹಾಗಾದ್ರೆ ಮೂರರವರೆಗೂ ಕಾಯೋಣ.”

ಸಣ್ಣಗೆ ಬರುವ ನಲ್ಲಿಯಡಿ ಕೊಡ ತುಂಬಲು ಕಾಯುವವರಂತೆ ಎಲ್ಲರೂ ಗಡಿಯಾರ ನೋಡಿದರು. ಮಕ್ಕಳಿಗೆ ಊಟವಾಯಿತು. ಅವತ್ತಿನ ಹಾಗೇ ಇರಲಿ, ಪರದೆ ಎಳೆಯಬೇಡಿ ಎಂದರು ಟೇಪುಮಾಮ. ಒಂದೊಂದೇ ಮಗು ಕಣ್ಣು ಮುಚ್ಚಿತು. ಬೀದಿಯಲ್ಲಿ ಒಂದು ಸೈಕಲ್ ಗಂಟೆ ಬಾರಿಸಿಕೊಂಡು ಹೋಯಿತು, ಅದರ ಹಿಂದೆಯೇ ಮಧ್ಯಾಹ್ನದ ಮೌನ ಬಂದು ಬಾಗಿಲು ಮುಚ್ಚಿಕೊಂಡಿತು. ಮಕ್ಕಳ ಉಸಿರು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ದೊಡ್ಡಮ್ಮನಿಗೂ ಕಣ್ಣು ಎಳೆಯುತ್ತಿತ್ತು. ಎಚ್ಚರವೋ ಕನಸೋ ಎಂಬಂಥ ಹೊತ್ತು ಅದು. ಆರು ವರ್ಷದಿಂದ ಅವಳು ಆ ಹೊತ್ತಿನಲ್ಲಿ ಬಟ್ಟೆ ಒಗೆದಿದ್ದಳು, ಪಾತ್ರೆ ತೊಳೆದಿದ್ದಳು. ಕೂತು ನೋಡಿರಲಿಲ್ಲ.

ನಿದ್ದೆ ಮಾಡದವಳು ಹಾಲುಮೀಸೆ ಒಬ್ಬಳೇ. ಮಣಿಯ ಡಬ್ಬಿ ಅವಳ ಮುಂದೆಯೇ ಇತ್ತು. ಅವಳು ಮುಟ್ಟಲಿಲ್ಲ.

ಮೂರಕ್ಕೆ ದೊಡ್ಡಮ್ಮ ಹಾಸನ್ನು ಕಿಟಕಿಯ ಹೊರಗಿನ ತಂತಿಗೆ ಹಾಕಿ ಒಳಗೆ ಬಂದಳು. ಬಂದವಳು ಬಾಗಿಲಲ್ಲೇ ನಿಂತಳು.

ಕಿಟಕಿಯ ಕೆಳಗೆ, ಯಾವಾಗಲೂ ಹಾಸು ಇರುವ ಜಾಗದಲ್ಲೇ, ನೆಲ ನೀಲಿಯಾಗಿತ್ತು. ಪಡುವಣದ ಬಿಸಿಲು ತೆಳುಬಟ್ಟೆಯೊಳಗಿಂದ ಸೋಸಿಕೊಂಡು ಬಂದು, ಹಾಸಿನಷ್ಟೇ ಅಗಲಕ್ಕೆ ನೆಲದ ಮೇಲೆ ಮಲಗಿತ್ತು. ಗಾಳಿ ಬಂದಾಗ ಅದು ಒಂದಿಷ್ಟು ಅಲುಗುತ್ತಿತ್ತು.

ಹಾಲುಮೀಸೆ ಎದ್ದಳು. ಡಬ್ಬಿ ಎತ್ತಿಕೊಂಡಳು. ಹೋಗಿ ನೀಲಿಯ ನಡುವೆ ಕೂತು ಮುಚ್ಚಳ ತೆಗೆದು ಮಣಿ ಜೋಡಿಸತೊಡಗಿದಳು.

ಅವತ್ತಿನ ಗಾಬರಿಯಲ್ಲಿ ನೆಲದ ಬಣ್ಣ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸೂರ್ಯ ಇಳಿಯುತ್ತಿದ್ದ, ನೀಲಿ ಒಳಕ್ಕೆ ಬರುತ್ತಿತ್ತು. ಹತ್ತು ನಿಮಿಷಕ್ಕೆ ಅದು ಒಂದು ಗೇಣು ಜರುಗಿತು. ಹಾಲುಮೀಸೆ ಅಂಚು ನೋಡಿದಳು, ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗೇಣು ಜರುಗಿಸಿದಳು, ಕೂತಲ್ಲೇ ತಾನೂ ಜರುಗಿದಳು. ಮತ್ತೆ ಹತ್ತು ನಿಮಿಷ. ಮತ್ತೊಂದು ಗೇಣು. ಒಂದೇ ಒಂದು ಮಣಿಯನ್ನೂ ಅವಳು ನೀಲಿಯ ಆಚೆ ಬಿಡಲಿಲ್ಲ. ನಾಲ್ಕಕ್ಕೆ ಐದು ನಿಮಿಷ ಇರುವಾಗ ನೀಲಿಯ ತುದಿ ಹಳದಿ ದಿಂಬುಗಳನ್ನು ಮುಟ್ಟಿತ್ತು. ಹಾಲುಮೀಸೆಯ ಬೆನ್ನು ದಿಂಬಿಗೆ ತಾಗಿತ್ತು. ಆಚೆಯಿಂದ ಒಂದು ಕೂಸು ಕೈ ಚಾಚಿದರೆ ಸಾಕಿತ್ತು.

“ಮಗು ಸುಳ್ಳು ಹೇಳಿಲ್ಲ,” ಎಂದರು ಟೇಪುಮಾಮ ಪಿಸುಮಾತಿನಲ್ಲಿ. “ನಿಮ್ಮ ನಿಯಮಾನ ಈ ಮನೇಲಿ ಪೂರ್ತಿಯಾಗಿ ಪಾಲಿಸಿದವಳು ಇವಳೊಬ್ಬಳೇ.”

“ಆದ್ರೆ ಡಬ್ಬಿ?” ಎಂದಳು ದೊಡ್ಡಮ್ಮ. “ಡಬ್ಬಿ ಇಳಿಸಿ ಕೊಟ್ಟೋರು ಯಾರು?”

ಅವರು ಮುಚ್ಚಳದ ಮಣಿಗಳನ್ನು ಮೆಲ್ಲಗೆ ಡಬ್ಬಿಗೆ ಸುರಿದು, ಮುಚ್ಚಳವನ್ನು ತಂದು ಅವಳ ಕೈಗಿಟ್ಟರು. ರಟ್ಟಿನ ಅಂಚಿನಲ್ಲಿ ನಾಲ್ಕು ಮಸುಕು ನೀಲಿ ಕಲೆಗಳು. ಮಕ್ಕಳಿರುವ ಮನೆ, ಬಣ್ಣದ ಕಲೆ ಎಲ್ಲೆಲ್ಲೂ ಇರುತ್ತದೆ. ಮೂರು ದಿನದಿಂದ ಎಲ್ಲರೂ ಅದನ್ನು ನೋಡಿದ್ದರು, ಯಾರೂ ನೋಡಿರಲಿಲ್ಲ.

“ದೊಡ್ಡವರ ಬೆರಳು. ಒದ್ದೆ ಬೆರಳು. ನಲ್ಲಿಯವನ ಕೈಯೂ ಒದ್ದೆ ಇತ್ತು, ನಿಜ. ಆದ್ರೆ ನಲ್ಲಿ ನೀರಿಗೆ ಬಣ್ಣ ಇರಲ್ಲ. ಹೊಸ ಹಾಸು ಮೊದಲನೇ ಒಗೆತಕ್ಕೆ ಬಣ್ಣ ಬಿಡುತ್ತೆ. ಅವತ್ತು ಈ ಮನೇಲಿ ನೀಲಿ ಕೈ ಇದ್ದದ್ದು ಒಬ್ಬರಿಗೇ.”

ದೊಡ್ಡಮ್ಮ ಕಲೆಗಳ ಮೇಲೆ ತನ್ನ ಬೆರಳಿಟ್ಟಳು. ಸರಿಯಾಗಿ ಕೂತವು.

ಆಗ ನೆನಪಾಯಿತು. ನೆನಪು ಎನ್ನುವುದಕ್ಕಿಂತ ಹಳೆಯ ಕನಸಿನ ತುಣುಕಿನಂತೆ ಬಂತು. ತಂತಿಗೆ ಹಾಸು ಹಾಕಿ ತಿರುಗಿದಾಗ ಅವಳ ಬಟ್ಟೆ ಜಗ್ಗಿದ ಒಂದು ಪುಟ್ಟ ಕೈ. ‘ನಿದ್ದೆ ಬರ್ತಿಲ್ಲ ದೊಡ್ಡಮ್ಮ.’ ಅಡುಗೆಮನೆಯಿಂದ ನಲ್ಲಿಯವನ ಕೂಗು. ಕಪಾಟಿನತ್ತ ತಾನಾಗಿ ಎದ್ದ ತನ್ನ ಕೈ. ತಾನಾಗಿ ಬಂದ ಮಾತು — ನೀಲಿ ಮೇಲೆ ಆಡ್ಕೋ. ಹಾಸು ಹೊರಗಿದೆ ಎಂಬುದು ಆ ಮಾತಿನ ದಾರಿಗೆ ಅಡ್ಡ ಬಂದಿರಲಿಲ್ಲ. ಸಾವಿರ ಸಲ ಹೇಳಿದ ಮಾತಿಗೆ ಹೇಳುವವಳ ಅಗತ್ಯವೇ ಇರಲಿಲ್ಲ.

“ಜಾಗಕ್ಕೆ ನಿಯಮ ಮಾಡಿದ್ದೀನಿ ಅಂದ್ಕೊಂಡ್ರಿ ನೀವು,” ಎಂದರು ಟೇಪುಮಾಮ. “ಮಾಡಿದ್ದು ಬಣ್ಣಕ್ಕೆ. ಬಣ್ಣ ಒಂದು ಕಡೆ ನಿಲ್ಲಲ್ಲಮ್ಮ.” ಅವರು ಪೆನ್ನಿನ ಮುಚ್ಚಳ ತೆಗೆದರು. “ಯಾವ ಹೆಸರು ಬರೀಲಿ?”

ಮನೆ ಮುಚ್ಚುತ್ತದೆ. ಎಷ್ಟು ದಿನವೋ. ಮುಚ್ಚಿದ ಮನೆಗೆ ಮಕ್ಕಳನ್ನು ಮತ್ತೆ ಯಾರು ಕಳಿಸುತ್ತಾರೆ? ದೊಡ್ಡಮ್ಮ ಬಾಗಿಲ ಬಳಿಯ ಚೀಲ ನೋಡಿದಳು.

“ನಂದೇ ಬರೀರಿ.”

ಅವರು ಬರೆದರು. ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಹದಿನೈದು ದಿನ ಬಂದ್, ಆಟದ ಜಾಗಗಳಿಗೆ ನೆಲದಲ್ಲಿ ಅಳಿಸದ ಗೆರೆ ಹಾಕಿಸಿದ ಮೇಲೆ ಮರು ತಪಾಸಣೆ. ಅದರ ಕೆಳಗೆ, ಯಾರೂ ಕೇಳದಿದ್ದರೂ, ಕೂಸಿನ ಜೀವ ಉಳಿಸಿದವರು ಸಹಾಯಕರು ಎಂದೂ ಬರೆದರು.

“ನಿನ್ನ ತಲೆ ಮೇಲೆ ಗೂಬೆ ಕೂರಿಸ್ಬಿಟ್ಟೆ ಕಣೆ,” ಎಂದಳು ದೊಡ್ಡಮ್ಮ. ಕಣ್ಣು ತುಂಬಿತ್ತು.

“ಕೂರಿಸಿದ್ರಿ ಅಕ್ಕ,” ಎಂದಳು ಚಿಕ್ಕಮ್ಮ. “ಆರು ವರ್ಷದಲ್ಲಿ ಒಂದು ಸಲ ನನ್ನ ಮಾತು ನಂಬಬಹುದಿತ್ತು.” ಅಷ್ಟು ಹೇಳಿ ಅವಳು ಚೀಲವನ್ನು ಬಾಗಿಲ ಬಳಿಯಿಂದ ತೆಗೆದು ಮೊಳೆಗೆ ತೂಗುಹಾಕಿದಳು. ಹಾಸು ತರಲು ಹೊರಗೆ ಹೋದಳು.

ದೊಡ್ಡಮ್ಮ ಹಾಲುಮೀಸೆಯ ಹತ್ತಿರ ಹೋಗಿ ಕೂತಳು. ಏನೆಂದು ಶುರುಮಾಡುವುದು? ಗದರುವುದಕ್ಕೆ ಮಾತು ಎಷ್ಟು ಬೇಗ ಸಿಕ್ಕಿತ್ತು.

ಹೊರಗೆ ಚಿಕ್ಕಮ್ಮ ಹಾಸನ್ನು ತಂತಿಯಿಂದ ಎಳೆದಳು. ಒಮ್ಮೆಗೇ ನೆಲದ ಮೇಲೆ ಬರೀ ಬಿಳಿ ಬಿಸಿಲು.

ಹಾಲುಮೀಸೆ ಬೆಚ್ಚಿ ಮಣಿಗಳಿಂದ ಎರಡೂ ಕೈ ತೆಗೆದಳು. ಮೇಲೆತ್ತಿ ಹಿಡಿದಳು, ಏನನ್ನೂ ಮುಟ್ಟಿಲ್ಲ ನೋಡಿ ಎಂಬಂತೆ. ಮೂರು ದಿನದ ಮೇಲೆ ಅವಳ ದನಿ ಕೇಳಿಸಿತು.

“ನೀಲಿ ಹೋಯ್ತು ದೊಡ್ಡಮ್ಮ. ನಾನು ಆಡ್ತಿಲ್ಲ.”

ದೊಡ್ಡಮ್ಮ ಮೇಲೆತ್ತಿದ ಆ ಎರಡು ಕೈಗಳನ್ನು ಹಿಡಿದು ಕೆಳಗಿಳಿಸಿ, ತನ್ನ ಮಡಿಲಲ್ಲಿ ಇಟ್ಟುಕೊಂಡಳು.

“ಗೊತ್ತು ಕಂದ,” ಎಂದಳು. “ಅವತ್ತೂ ನೀನು ನೀಲಿ ಮೇಲೇ ಕೂತಿದ್ದೆ.”