ಹಾಯಿಯಿಂದ ಬಿಚ್ಚಿದ ಐದು ಪಟ್ಟಿ

೧೯೪೫ನೆಯ ಇಸವಿ, ಡಿಸೆಂಬರ್ ೧೭, ಸೋಮವಾರ. ಮದ್ರಾಸಿನ ರೈಲು ಬಂದುಹೋಗಿ ಒಂದು ಗಂಟೆಯಾಗಿರಬಹುದು. ಮಾಲೂರು ಠಾಣೆಗೆ ಗಂಡಹೆಂಡತಿ ಇಬ್ಬರು ಬಂದರು. ಇಟ್ಟಿಗೆ ಗೂಡಿನ ಯಜಮಾನ ಶ್ರೀರಾಮಪ್ಪ, ಅವರ ಹೆಂಡತಿ ಶ್ಯಾಮಲಮ್ಮ. ಇಬ್ಬರಿಗೂ ಐವತ್ತು ದಾಟಿತ್ತು.

"ನಮ್ಮ ದೋಣಿಯ ಹಾಯಿ ಕಳುವಾಗಿದೆ" ಎಂದರು ಶ್ರೀರಾಮಪ್ಪ.

ದಫೇದಾರ್ ಗಂಗುಲಪ್ಪ ತಲೆಯೆತ್ತಿದ. "ಯಾವ ಕೆರೇಲಿ ಸಾಮಿ?"

"ಕೆರೇಲಲ್ಲಪ್ಪ, ಗೂಡಿನ ಪಕ್ಕದ ಶೆಡ್ಡಲ್ಲಿ."

ಗಂಗುಲಪ್ಪ ಮೀಸೆಯ ಮೇಲೆ ಕೈಯಿಟ್ಟು ನಗು ಮುಚ್ಚಿಕೊಂಡ. ಇನ್ಸ್‌ಪೆಕ್ಟರ್ ನರಸಿಂಹಪ್ಪ ನಗಲಿಲ್ಲ. ಪುರಾಣ ಕೇಳುವವರ ಹಾಗೆ ಕಣ್ಣು ಅರೆಮುಚ್ಚಿ ಕೂತು, "ಮೊದಲಿನಿಂದ ಹೇಳಿ" ಎಂದರು.

ಆ ದೋಣಿಯನ್ನು ದಂಪತಿ ಕೊಂಡದ್ದು ಯುದ್ಧಕ್ಕೆ ಮೊದಲು, ಮದ್ರಾಸಿನ ಹತ್ತಿರದ ಪುಲಿಕಾಟಿನಲ್ಲಿ, ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಇಂಗ್ಲಿಷ್ ದೊರೆಯಿಂದ. ಹಳೆಯದು, ಇಬ್ಬರು ಮಲಗುವಷ್ಟು ದೊಡ್ಡದು. ಎರಡು ಚಳಿಗಾಲ ಅದರಲ್ಲಿ ಕರಾವಳಿಯುದ್ದಕ್ಕೂ ಓಡಾಡಿದ್ದರು. ಜಪಾನಿನವರ ಭಯದಲ್ಲಿ ದಡದ ದೋಣಿಗಳನ್ನೆಲ್ಲ ತೆಗೆಸಿದಾಗ ಇದನ್ನು ರೈಲಿಗೆ ಹಾಕಿ ಮಾಲೂರಿಗೆ ತಂದರು. ಮೂರೂವರೆ ವರ್ಷದಿಂದ ಅದು ಇಟ್ಟಿಗೆಗಳ ಮೇಲೆ ಕೂತಿತ್ತು.

"ಸಂಕ್ರಾಂತಿ ಕಳೆದ ಮೇಲೆ ನೀರಿಗಿಳಿಸಬಹುದು ಅಂತ ಮದ್ರಾಸಲ್ಲಿ ಒಪ್ಪಿಗೆ ತಗೊಂಡು ಬಂದ್ವಿ. ಮನೆಗೆ ಬಂದು ನೋಡಿದ್ರೆ ಹೀಗೆ."

"ಇವರಿಗೆ ಗಾಳಿ ಎಷ್ಟಿದ್ರೂ ಪೂರ್ತಿ ಹಾಯಿ ಬೇಕು" ಎಂದರು ಶ್ಯಾಮಲಮ್ಮ. "ಅರ್ಧ ಮಡಚಿ ಅಂತ ನಾನು. ಜಗಳ ಆಡೋಕೂ ಈಗ ಹಾಯಿ ಇಲ್ಲ."

ಎಫ್.ಐ.ಆರ್. ದಾಖಲಾಯಿತು. ಹತ್ತೂವರೆಗೆ ಇನ್ಸ್‌ಪೆಕ್ಟರು ಗಂಗುಲಪ್ಪನನ್ನೂ ಕಾನ್‌ಸ್ಟೇಬಲ್ ಲಿಯಾಖತ್‌ನನ್ನೂ ಕರೆದುಕೊಂಡು ಶೆಡ್ಡಿಗೆ ಹೋದರು.

ಬೀಗವಿರಲಿಲ್ಲ. ದೋಣಿಗೆ ಗೀರು ಸಹ ಬಿದ್ದಿರಲಿಲ್ಲ. ಹಾಯಿ ಪೂರ್ತಿ ಹೋಗಿರಲಿಲ್ಲ. ತೇಪೆಯ ಹಳೆಯ ಭಾಗಗಳನ್ನು ಅಚ್ಚುಕಟ್ಟಾಗಿ ಮಡಚಿ ಇಟ್ಟಿದ್ದರು. ಹೋದದ್ದು ನಡುವಿನ ಬಿಳಿಯ ಹೊಸ ಪಟ್ಟಿಗಳು ಮಾತ್ರ, ಐದು.

"ಕತ್ತರಿಸಿಲ್ಲ ಸಾರ್, ಹೊಲಿಗೆ ಬಿಚ್ಚವ್ನೆ" ಎಂದ ಗಂಗುಲಪ್ಪ. "ಎಂಥಾ ಪುರುಸೊತ್ತಿನ ಕಳ್ಳನಪ್ಪಾ!"

ದೋಣಿಯ ಹಲಗೆಯ ಮೇಲೆ ಒಂದು ಉಂಡೆಯಿತ್ತು. ಬಿಚ್ಚಿದ ಮೇಣದ ದಾರವನ್ನು ಗಂಟು ಬಿಡಿಸಿ ನೀಟಾಗಿ ಸುತ್ತಿಟ್ಟಿದ್ದರು. ಇನ್ಸ್‌ಪೆಕ್ಟರು ಅದನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಲಿಯಾಖತ್ ಬಾಗಿಲ ಕಡೆ ತಿರುಗಿ ನಿಂತ.

ಕಾವಲುಗಾರ ಮುನಿಯಲ್ಲಪ್ಪನನ್ನು ಕರೆಸಿದರು.

"ಗುರುತಿಲ್ಲದವರು ಯಾರಾದರೂ ಬಂದಿದ್ದರೇನು?"

"ಇಲ್ಲ ಸಾಮಿ, ದೇವರಾಣೆ."

"ಸರಿ, ಹೋಗು."

ಪಂಚನಾಮೆ ಮುಗಿಸಿ ಹೊರಗೆ ಬಂದಾಗ ಲಿಯಾಖತ್ ಹತ್ತಿರ ಬಂದ.

"ಸಾರ್, ನಮ್ಮಲ್ಲಿ ಸತ್ತೋರಿಗೆ ಹೊಲಿಗೆ ಇಲ್ದಿರೋ ಬಿಳಿ ಬಟ್ಟೆ ಸುತ್ತೋದು. ಗಂಡಸಿಗೆ ಮೂರು, ಹೆಂಗಸಿಗೆ ಐದು."

ಇನ್ಸ್‌ಪೆಕ್ಟರು ನಡೆಯುವುದನ್ನು ನಿಲ್ಲಿಸಿದರು. "ಈಚೆಗೆ ಯಾರು ಹೋದರು?"

"ಶನಿವಾರ ಸಂಜೆ ಮಣ್ಣು ಕೊಟ್ಟಿದ್ದು ಒಬ್ಬರಿಗೇ. ಅಮೀನಾ ಬೀ, ಹೊಲಿಗೆ ಇಸ್ಮಾಯಿಲ್ ಸಾಬರ ಮನೆಯವರು. ನಾನೂ ಹೆಗಲು ಕೊಟ್ಟಿದ್ದೆ ಸಾರ್."

ಇನ್ಸ್‌ಪೆಕ್ಟರು ಹಿಂದಿರುಗಿ ಕಾವಲುಗಾರನನ್ನು ಮತ್ತೆ ಕರೆದರು.

"ಗುರುತಿರುವವರು ಯಾರು ಬಂದಿದ್ದರು?"

"ಇಸ್ಮಾಯಿಲ್ ಸಾಬ್ರು ಬಂದಿದ್ರು, ಶನಿವಾರ ಮಧ್ಯಾಹ್ನ. ಅಮ್ಮಾವ್ರು ಮನೇಲವ್ರಾ ಅಂದ್ರು, ಮದ್ರಾಸಿಗೆ ಹೋಗವ್ರೆ ಅಂದೆ. ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ರು. ಆಮೇಲೆ ಶೆಡ್ಡಿಗೆ ಹೋದ್ರು."

"ಮೊದಲೇ ಯಾಕೋ ಹೇಳಲಿಲ್ಲ?"

"ನೀವು ಗುರುತಿಲ್ದೋರ್ನ ಕೇಳಿದ್ರಿ. ಆ ಹಾಯಿ ಹೊಲಿದೋರೇ ಅವ್ರು, ಅವ್ರನ್ನ ಹೆಂಗ್ ಸಾಮಿ ತಡೆಯೋದು?"

ಮಧ್ಯಾಹ್ನ ಒಂದೂವರೆ. ಮಹಮ್ಮದ್ ಇಸ್ಮಾಯಿಲ್‌ನ ಮನೆಯ ಮುಂದೆ ಜನ ಸೇರಿದ್ದರು. ಮೂರನೆಯ ದಿನದ ಕುರಾನ್ ಓದು ಆಗಷ್ಟೇ ಮುಗಿದಿತ್ತು. ಎಲ್ಲರೂ ಹೊರಡುವ ತನಕ ಇನ್ಸ್‌ಪೆಕ್ಟರು ಬೇವಿನ ಮರದ ಕೆಳಗೆ ಕಾದರು. ಆಮೇಲೆ ಒಳಗೆ ಹೋದರು.

"ಶ್ರೀರಾಮಪ್ಪನವರ ಹಾಯಿ ಬಿಚ್ಚಿದ್ದು ನೀನಾ?"

"ಹೌದು ಸಾಬ್." ಇಸ್ಮಾಯಿಲ್ ಎದ್ದು ನಿಂತ. "ಓದಿಸಿ ಮುಗಿಸ್ಕೊಂಡು ಅಮ್ಮನ ಹತ್ರ ನಾನೇ ಹೋಗೋಣ ಅಂತಿದ್ದೆ."

ಪೆಟ್ಟಿಗೆಯಿಂದ ಒಂದು ಗಂಟು ತೆಗೆದು ಮುಂದಿಟ್ಟ. ಬೆರಳಗಲದ ಉದ್ದನೆಯ ಅಂಚುಗಳು, ತುಂಬಾ ಸೂಜಿಯ ತೂತುಗಳು.

"ಇದನ್ನ ಯಾಕೆ ಕತ್ತರಿಸಿದೆ?"

"ಹೊಲಿಗೆ ಗುರುತು ಅವಳ ಮೈಮೇಲೆ ಬೇಡ ಅಂತ. ಎಸೆಯೋಕೆ ಮನಸ್ಸು ಬರ್ಲಿಲ್ಲ. ಅಮ್ಮನ ಬಟ್ಟೆ ಅಲ್ವಾ, ಉಳಿದಿದ್ದಾದ್ರೂ ಒಪ್ಪಿಸ್ಬೇಕು." ಅವನ ದನಿ ಕುಗ್ಗಿತು. "ಸಾಬ್, ಮಾಲು ವಸೂಲಿ ಅಂತ ಅವಳನ್ನ ಎಬ್ಬಿಸ್ತೀರಾ?"

ಲಿಯಾಖತ್ ಇನ್ಸ್‌ಪೆಕ್ಟರನ್ನೇ ನೋಡುತ್ತಿದ್ದ.

ಇನ್ಸ್‌ಪೆಕ್ಟರು ಗಂಟನ್ನು ಎತ್ತಿಕೊಂಡರು. ಪಂಚರ ಎದುರಿನಲ್ಲಿ, ಶೆಡ್ಡಿನಲ್ಲಿ ಉಳಿದಿದ್ದ ಹಾಯಿಯ ಪಕ್ಕ ಆ ಅಂಚುಗಳನ್ನು ಹಾಸಿಸಿದರು. ತೂತಿಗೆ ತೂತು ಕೂಡಿತು. ಎರಡನೆಯ ಪಂಚನಾಮೆ ಬರೆಸಿ ಅವರು ಹೇಳಿದರು: "ಸಾಕ್ಷ್ಯಕ್ಕೆ ಇಷ್ಟು ಸಾಕು. ಮಣ್ಣು ಮುಟ್ಟುವ ಕೆಲಸ ಇಲ್ಲ."

ನಾಲ್ಕು ಗಂಟೆಗೆ ಇಸ್ಮಾಯಿಲ್‌ನನ್ನು ದಸ್ತಗಿರಿ ಮಾಡಿ ಠಾಣೆಗೆ ತಂದರು. ಸುದ್ದಿ ತಿಳಿದು ದಂಪತಿ ಮತ್ತೆ ಬಂದರು. ಶ್ಯಾಮಲಮ್ಮ ಕೂರಲಿಲ್ಲ.

"ಅಮೀನಾ ಹೋದಳಾ? ನಮಗೆ ಯಾರೂ ಹೇಳಲೇ ಇಲ್ಲ. ಇನ್ಸ್‌ಪೆಕ್ಟರೇ, ಆ ಬಟ್ಟೆ ನಾನೇ ಕೊಟ್ಟಿದ್ದು ಅಂತ ಬರ್ಕೊಳ್ಳಿ."

"ಹಾಗೆ ಬರೆಯೋಕೆ ಬರಲ್ಲಮ್ಮ. ಕೇಸು ದಾಖಲಾಗಿದೆ. ರಾಜಿ ಅಂತ ಕೋರ್ಟಿನಲ್ಲಿ ಕೇಳಿಕೊಳ್ಳಿ, ಅನುಮತಿ ಕೊಡೋದು ಅವರು."

ಇಸ್ಮಾಯಿಲ್ ನೆಲ ನೋಡುತ್ತಿದ್ದ. "ಜೈಲಿಗೆ ಹೆದರಲ್ಲಮ್ಮ ನಾನು. ಅವಳು ಒಂದು ಹೊತ್ತಿನ ನಮಾಜ್ ಬಿಟ್ಟೋಳಲ್ಲ. ಕದ್ದ ಬಟ್ಟೇಲಿ ಮಲಗಿಸ್ಬಿಟ್ನಲ್ಲ. ಎರಡು ರಾತ್ರಿಯಿಂದ ಅದೊಂದೇ."

ಶ್ಯಾಮಲಮ್ಮ ಅವನ ಎದುರಿಗೆ ಹೋಗಿ ನಿಂತರು.

"ನೋಡಪ್ಪ ಇಸ್ಮಾಯಿಲ್. ಅವತ್ತು ನಾನು ಮನೇಲಿದ್ದಿದ್ರೆ ನನ್ನ ಕೈಯಾರೆ ತಂದು ಕೊಡ್ತಿದ್ದೆ. ಈಗ ಕೊಡ್ತಾ ಇದೀನಿ. ಅದು ಅಮೀನಾದು. ಅವಳು ನೆಮ್ಮದಿಯಾಗಿ ಮಲಗ್ಲಿ."

ದಸ್ತಗಿರಿಯಾದಾಗ ಅಳದವನು ಆಗ ಅತ್ತ. ಸುಧಾರಿಸಿಕೊಂಡು, "ದಾರ ಹುಷಾರಮ್ಮ. ಮೇಣದ್ದು, ಮತ್ತೆ ಹೊಲಿಯೋಕೆ ಬರುತ್ತೆ" ಎಂದ.

"ದಾರ ಸರಿ, ಬಟ್ಟೆ ಎಲ್ಲಿಂದ ತರೋಣ?" ಶ್ರೀರಾಮಪ್ಪ ಹೆಂಡತಿಯ ಕಡೆ ತಿರುಗಿದರು. "ಈ ರೇಷನ್ ಕಾಲದಲ್ಲಿ ಒಂದು ಗಜ ಸಿಗಲ್ಲ ಕಣೇ. ಈ ಸಂಕ್ರಾಂತಿಗೂ ಹೊರಟ ಹಾಗೇ."

"ಯಾಕ್ರೀ? ಉಳಿದಿರೋದನ್ನೇ ಜೋಡಿಸಿ ಹೊಲೀಲಿ. ಇವನಿಗೆ ಜಾಮೀನು ನೀವು ನಿಂತ್ಕೊಳ್ಳಿ. ಹಾಯಿ ಚಿಕ್ಕದಾದ್ರೆ ದೋಣಿ ನಿಧಾನ ಹೋಗುತ್ತೆ, ಅಷ್ಟೇ."

ಶ್ರೀರಾಮಪ್ಪ ಹೆಂಡತಿಯನ್ನು ನೋಡಿ ಮೆಲ್ಲಗೆ ನಕ್ಕರು. "ಅಂತೂ ನಿನ್ನ ಅರ್ಧ ಹಾಯೀನೇ ಗೆದ್ದಿತು" ಎಂದು ಜಾಮೀನಿನ ವಿಚಾರ ಕೇಳಲು ಗಂಗುಲಪ್ಪನ ಮೇಜಿನ ಕಡೆ ಹೋದರು.

ಸಂಜೆ ನರಸಿಂಹಪ್ಪ ಕೇಸ್ ಡೈರಿ ಬರೆದರು. ಆರೋಪಿಯ ಹೆಂಡತಿ ಶುಕ್ರವಾರ ರಾತ್ರಿ ತೀರಿಕೊಂಡಳು. ಶನಿವಾರ ಬೆಳಿಗ್ಗೆ ಆರೋಪಿ ಬಟ್ಟೆ ಡಿಪೋಗೆ ಹೋಗಿದ್ದಾನೆ. ಪರ್ಮಿಟ್ ಇಲ್ಲದೆ ಬಟ್ಟೆ ಇಲ್ಲ, ಪರ್ಮಿಟ್ ಬರೆಯುವವರು ಸೋಮವಾರ ಬರುತ್ತಾರೆ ಎಂದು ಅವನನ್ನು ಕಳಿಸಿದ್ದಾರೆ. ಕೇರಿಯಲ್ಲಿ ಯಾರ ಮನೆಯಲ್ಲೂ ಬಿಳಿ ಬಟ್ಟೆ ಇರಲಿಲ್ಲ. ಊರಿನಲ್ಲಿ ಅದು ಎಲ್ಲಿದೆ ಎಂದು ಬಲ್ಲವನು, ಅದನ್ನು ಹೊಲಿದವನಾದ್ದರಿಂದ, ಅವನೊಬ್ಬನೇ.

ಇಷ್ಟು ಬರೆದು ದಿನಾಂಕ ಹಾಕಲು ಹೋದಾಗ ಅವರ ಕೈ ಸ್ವಲ್ಪ ತಡೆಯಿತು. ಆ ದಿನ ಸೋಮವಾರ.